ಹಾಡುವವರ ಶ್ರುತಿಗೆ



ಬಾನುಲಿಗೆ ಮಾತೇ ಬಂಡವಾಳ. ಅಂಥ ಕಡೆ ಬಂದು ಕುಳಿತು ‘ಮೊದಲು ಮಾತು ನಿಲ್ಲಿಸಿ’ ಅಂತ ಹೇಳಹೊರಟಿದ್ದೇನೆ. ವಿಚಿತ್ರ ಅನ್ನಿಸಿದರೆ ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ಕಣ್ಣು ಕಾಣದವರಿಗೆ ಫೋನು, ಕಂಪ್ಯೂಟರು, ಬ್ರೈಲ್ ಯಂತ್ರ ಇವನ್ನೆಲ್ಲ ಬಳಸಲು ಹೇಳಿಕೊಡುವುದು ನನ್ನ ಕೆಲಸ. ನನಗೆ ಕಣ್ಣು ಕಾಣುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ನಾನು ಮಾಡಿದ ತಪ್ಪಿಗೆಲ್ಲ ಆ ಕಣ್ಣೇ ಕಾರಣ.

ಎರಡು ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿ ನಿವೃತ್ತ ಸಂಗೀತ ಮೇಷ್ಟ್ರೊಬ್ಬರಿದ್ದಾರೆ. ಹುಟ್ಟಿದಾಗಿನಿಂದ ದೃಷ್ಟಿಯಿಲ್ಲ. 1901ರಲ್ಲಿ ಶುರುವಾದ ಮೈಸೂರಿನ ಅಂಧ ಮಕ್ಕಳ ಸರ್ಕಾರಿ ಶಾಲೆಯಲ್ಲಿ ಓದಿದವರು. ಸ್ಲೇಟು ಮತ್ತು ಸ್ಟೈಲಸ್ ಹಿಡಿದು, ಬಲದಿಂದ ಎಡಕ್ಕೆ ತಿರುವುಮುರುವಾಗಿ ಚುಕ್ಕಿ ಚುಚ್ಚಿ, ಕಾಗದ ಮಗುಚಿ ಎಡದಿಂದ ಬಲಕ್ಕೆ ಓದುವ ಕಲೆ ಅವರಿಗೆ ಆರನೇ ವಯಸ್ಸಿಗೇ ಬಂದಿತ್ತು. ಹೊರದೇಶದಲ್ಲಿರುವ ಮಗ ಅವರಿಗೊಂದು ಬ್ರೈಲ್ ನೋಟ್‌ಟೇಕರ್ ತಂದುಕೊಟ್ಟ. ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದ ಪುಟ್ಟ ಕಂಪ್ಯೂಟರು. ‘ಅಪ್ಪನಿಗೆ ಬೇಕಾದ ಹಾಗೆ ಸೆಟ್ ಮಾಡಿಕೊಡಿ’ ಅಂತ ನನ್ನ ಕೈಗೆ ಬಂತು.

ನಾನು ಮನೆಗೆ ಒಯ್ದು ರಾತ್ರಿ ಎರಡು ಗಂಟೆ ಕೂತೆ. ಧ್ವನಿ ಜೋರು ಮಾಡಿದೆ, ವೇಗ ಇಳಿಸಿದೆ. ಪ್ರತಿ ಕೀಲಿ ಒತ್ತಿದಾಗಲೂ ಅಕ್ಷರ ಹೇಳುವ ಹಾಗೆ ಮಾಡಿದೆ, ಪದ ಮುಗಿದಾಗ ಪದವನ್ನೂ ಹೇಳುವ ಹಾಗೆ ಮಾಡಿದೆ. ‘ಇದು ಮೆನು, ಇದು ಬಟನ್, ಇದು ಹನ್ನೆರಡರಲ್ಲಿ ಮೂರನೆಯದು’ ಎಂಬ ವಿವರಣೆಯನ್ನೆಲ್ಲ ಚಾಲೂ ಮಾಡಿದೆ. ಮಾರನೆಯ ದಿನ ಹೆಮ್ಮೆಯಿಂದ ಮೇಷ್ಟ್ರ ತೊಡೆಯ ಮೇಲೆ ಇಟ್ಟೆ. ಅವರು ಬೆರಳಿಟ್ಟರು. ಯಂತ್ರ ಇಂಗ್ಲಿಷಿನಲ್ಲಿ ಶುರುಮಾಡಿತು: ಫೈಲ್ ಮ್ಯಾನೇಜರ್, ಒನ್ ಆಫ್ ಟ್ವೆಲ್ವ್.

‘ಏನಮ್ಮಾ, ಇದು ಯಾರಿಗೆ ಹೇಳ್ತಿದೆ? ನಾನು ಆಗ್ಲೇ ಓದಿಯಾಯ್ತಲ್ಲ.’

‘ಅನುಕೂಲ ಆಗಲಿ ಅಂತ ಮೇಷ್ಟ್ರೇ.’

ಅವರು ನಕ್ಕರು. ‘ತಂಬೂರಿ ಶ್ರುತಿ ಚೆನ್ನಾಗೇ ಮಾಡಿದೀಯ. ಆದ್ರೆ ನಿನ್ನ ಶ್ರುತಿಗೆ ಮಾಡಿದೀಯ. ಹಾಡೋನು ನಾನು.’

ಮುಂದೆ ಹೋಗುವ ಮುಂಚೆ ಯಂತ್ರ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಹಾವು ಏಣಿ ಆಟದ ದಾಳದಲ್ಲಿ ಆರು ಬಿದ್ದಾಗ ಕಾಣುವ ಮುಖವನ್ನು ನೆನೆಸಿಕೊಳ್ಳಿ. ಅದನ್ನು ಉದ್ದುದ್ದಕ್ಕೆ ನಿಲ್ಲಿಸಿ. ಎಡಗಡೆ ಮೇಲಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಇದು ಬ್ರೈಲಿನ ಒಂದು ಸೆಲ್. ಯಾವ ಚುಕ್ಕಿ ಎದ್ದಿದೆ, ಯಾವುದು ಇಲ್ಲ ಅನ್ನುವುದರ ಮೇಲೆ 63 ಆಕಾರ ಸಾಧ್ಯ. ಕಂಪ್ಯೂಟರಿನ ಸೆಲ್ಲಿನಲ್ಲಿ ಕೆಳಗೆ ಇನ್ನೆರಡು ಚುಕ್ಕಿ ಇರುತ್ತವೆ, 7 ಮತ್ತು 8. ಯಂತ್ರದ ಮುಂಭಾಗದಲ್ಲಿ ಇಂಥ ಸೆಲ್ಲುಗಳ ಒಂದೇ ಒಂದು ಸಾಲು. ಚುಕ್ಕಿಯ ಜಾಗದಲ್ಲಿ ಸಣ್ಣ ಪ್ಲಾಸ್ಟಿಕ್ ಮೊಳೆ. ಹೆಚ್ಚಿನ ಯಂತ್ರಗಳಲ್ಲಿ ಪ್ರತಿ ಮೊಳೆಯ ಕೆಳಗೂ ವಿದ್ಯುತ್ ಹರಿದರೆ ಬಾಗುವ ಒಂದೊಂದು ಪಟ್ಟಿ. ಪಟ್ಟಿ ಬಾಗಿದರೆ ಮೊಳೆ ಏಳುತ್ತದೆ. ಸಾಲು ಓದಿ ಮುಗಿದ ಮೇಲೆ ಗುಂಡಿ ಒತ್ತಿದರೆ ಮೊಳೆಗಳೆಲ್ಲ ಸರ್ರೆಂದು ಇಳಿದು ಮುಂದಿನ ಸಾಲಾಗಿ ಏಳುತ್ತವೆ. ಹಿಂಭಾಗದಲ್ಲಿ ಬರೆಯುವುದಕ್ಕೆ ಕೀಲಿಗಳು: ಎಡಗೈಯ ಮೂರು ಬೆರಳಿಗೆ 1, 2, 3, ಬಲಗೈಯ ಮೂರಕ್ಕೆ 4, 5, 6. ವೀಣೆಯ ತಂತಿಗಳನ್ನು ಒಟ್ಟಿಗೆ ಮೀಟಿದ ಹಾಗೆ ಬೇಕಾದ ಕೀಲಿಗಳನ್ನೆಲ್ಲ ಒಟ್ಟಿಗೆ ಒತ್ತಿ ಬಿಟ್ಟರೆ ಒಂದು ಅಕ್ಷರ.

ಒಂದು ಸೆಲ್ಲಿಗೆ ಎಂಟು ಪಟ್ಟಿ ಅಂದಮೇಲೆ ಬೆಲೆ ಯಾಕೆ ಹೆಚ್ಚು ಅಂತ ತಿಳಿಯಿತಲ್ಲ. ಅದಕ್ಕೇ ಒಂದೇ ಸಾಲು, ಅದೂ ಗಿಡ್ಡ ಸಾಲು. ಮುಂಬೈಯ ಕಂಪನಿಯೊಂದು ಮಾಡಿದ ಬ್ರೈಲ್‌ಮಿ, ಅಮೆರಿಕದ ಆರ್ಬಿಟ್ ರೀಡರ್ 20 ಇವುಗಳಲ್ಲಿ 20 ಸೆಲ್. ಕೊರಿಯಾದ ಬ್ರೈಲ್‌ಸೆನ್ಸ್ 6ರಲ್ಲಿ 32. ಮೇಷ್ಟ್ರಿಗೆ ಬಂದದ್ದೂ 32ರದೇ. ಈ ಸಂಖ್ಯೆ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಮಾತಿನ ವಿಷಯ. ಅಂಗೈ ಮೇಲೆ ಹಿಡಿಯುವಂಥ ಬ್ರೈಲ್ ಕಂಪ್ಯೂಟರುಗಳ ಹಿರಿಯಜ್ಜ ಅಂದರೆ 1987ರಲ್ಲಿ ಅಮೆರಿಕದ ಡೀನ್ ಬ್ಲೇಜಿ ಹೊರತಂದ ‘ಬ್ರೈಲ್ ಎನ್ ಸ್ಪೀಕ್’. ಅದರಲ್ಲಿ ಬ್ರೈಲ್ ಕೀಲಿಗಳಿದ್ದವು, ಬ್ರೈಲ್ ಸಾಲು ಇರಲಿಲ್ಲ. ಬೆರಳಿನಲ್ಲಿ ಬರೆಯಬೇಕು, ಕಿವಿಯಲ್ಲಿ ಓದಬೇಕು. ಮೊಳೆಗಳ ಸಾಲು ಕೂಡಿಕೊಂಡದ್ದು ಆಮೇಲೆ. ಆದರೂ ಆ ಹಳೆಯ ಅಭ್ಯಾಸ ಹೋಗಿಲ್ಲ. ಪೆಟ್ಟಿಗೆಯಿಂದ ತೆಗೆದ ಹೊಸ ನೋಟ್‌ಟೇಕರ್ ಇವತ್ತಿಗೂ ಬಾಯಿ ತೆರೆದುಕೊಂಡೇ ಹುಟ್ಟುತ್ತದೆ.

ನನ್ನ ರಾತ್ರಿಯ ಎರಡು ಗಂಟೆ ಶ್ರಮವನ್ನೆಲ್ಲ ಅಳಿಸಿದೆವು. ಮೊದಲ ಸೆಟ್ಟಿಂಗು: ಧ್ವನಿ ಬಂದ್. ಕೋಣೆ ತಣ್ಣಗಾಯಿತು. ಮೇಷ್ಟ್ರ ಎಡಗೈ ತೋರುಬೆರಳು ಸಾಲಿನ ಮೇಲೆ ಹೋಯಿತು, ಬಂತು. ಮೊಳೆಗಳು ಇಳಿದವು, ಎದ್ದವು. ನನಗೆ ಚಡಪಡಿಕೆ ಶುರುವಾಯಿತು. ಅವರು ಯಾವ ಮೆನುವಿನಲ್ಲಿದ್ದಾರೆ? ಏನು ಒತ್ತಿದರು? ಬ್ರೈಲನ್ನು ನಾನು ಓದುವುದು ಕಣ್ಣಿನಿಂದ, ಅದೂ ತಡವರಿಸಿಕೊಂಡು. ಬಿಳಿ ಫಲಕದ ಮೇಲಿನ ಬಿಳಿ ಮೊಳೆಗಳು, ಅವರ ಬೆರಳಿನ ನೆರಳು ಬೇರೆ, ನನಗೇನೂ ತಿಳಿಯಲಿಲ್ಲ. ಆಗ ಗೊತ್ತಾಯಿತು. ಆ ವಿವರಣೆ, ಆ ಘೋಷಣೆ, ಎಲ್ಲ ನಾನು ಚಾಲೂ ಮಾಡಿದ್ದು ನನಗೋಸ್ಕರ. ಅವರು ಏನು ಮಾಡುತ್ತಿದ್ದಾರೆ ಅನ್ನುವುದು ನನಗೆ ಕೇಳಿಸುತ್ತಿರಲಿ ಅಂತ. ಪಕ್ಕದಲ್ಲಿ ಕೂತು ಹೇಳಿಕೊಡುವವರು ಎಲ್ಲರೂ ಮಾಡುವ ತಪ್ಪಿದು, ಮಾಡುತ್ತಿದ್ದೇವೆ ಅಂತ ಗೊತ್ತಾಗದೆ ಮಾಡುವ ತಪ್ಪು.

ಹಾಗಂತ ಧ್ವನಿಯೇ ಬೇಡ ಅನ್ನುವುದು ನನ್ನ ವಾದವಲ್ಲ. ನಲವತ್ತು ದಾಟಿದ ಮೇಲೆ ಕಣ್ಣು ಕಳೆದುಕೊಂಡು, ಚುಕ್ಕಿಗಳ ಪರಿಚಯವೇ ಇಲ್ಲದವರಿಗೆ ಧ್ವನಿಯೇ ಊರುಗೋಲು. ಆದರೆ ಅಕ್ಷರ ಬಲ್ಲವರಿಗೆ ಅಕ್ಷರದ ರುಚಿ ಕಿವಿಯಲ್ಲಿ ಸಿಗುವುದಿಲ್ಲ. ‘ಶ’ ಇದೆಯೋ ‘ಷ’ ಇದೆಯೋ ಬೆರಳಿಗೆ ಗೊತ್ತು. ಬ್ಯಾಂಕಿನ ಸಂದೇಶವನ್ನು ಸಿಟಿ ಬಸ್ಸಿನಲ್ಲಿ ಯಾರಿಗೂ ಕೇಳಿಸದ ಹಾಗೆ ಓದಬಹುದು. ಇನ್ನು ಸ್ವರ ಬರೆದಿಟ್ಟರಂತೂ ಯಂತ್ರ ಓದುವುದನ್ನು ಕೇಳಲಾಗದು. ‘ಸರಿಗ’ ಅಂತ ಬರೆದರೆ ಯಾರೋ ಅರೆಮನಸ್ಸಿನಿಂದ ಒಪ್ಪಿಗೆ ಕೊಟ್ಟ ಹಾಗೆ ಓದುತ್ತದೆ.

ಎರಡನೆಯದು ಲಿಪಿಯ ಆಯ್ಕೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಸಂಕೇತ ಅಂತ ಒಪ್ಪಿಕೊಂಡದ್ದು 1951ರಲ್ಲಿ. ಅದಕ್ಕೆ ಭಾರತಿ ಬ್ರೈಲ್ ಅನ್ನುತ್ತಾರೆ. ಇಂಗ್ಲಿಷಿನ ‘ಕೆ’ಗೆ ಯಾವ ಚುಕ್ಕಿಗಳೋ ನಮ್ಮ ‘ಕ’ಕ್ಕೂ ಅವೇ, ‘ಎಂ’ಗೆ ಯಾವುವೋ ‘ಮ’ಕ್ಕೂ ಅವೇ. ಕಾಗುಣಿತದ ಗುಣಿತಚಿಹ್ನೆ ಅಂತ ಪ್ರತ್ಯೇಕ ಇಲ್ಲ. ‘ಮಿ’ ಬರೆಯಬೇಕಾದರೆ ‘ಮ’ದ ಪಕ್ಕ ‘ಇ’. ಒತ್ತಕ್ಷರ ಬೇಕಾದರೆ 4ನೇ ಚುಕ್ಕಿಯೊಂದನ್ನೇ ಮುಂಚೆ ಬರೆಯಬೇಕು, ‘ಮುಂದಿನ ವ್ಯಂಜನಕ್ಕೆ ಸ್ವರ ಇಲ್ಲ’ ಅಂತ ಎಚ್ಚರಿಸುವ ಹಾಗೆ. ‘ಅಮ್ಮ’ ಅಂದರೆ ಅ, 4ನೇ ಚುಕ್ಕಿ, ಮ, ಮ. ನಾಲ್ಕು ಸೆಲ್. ಒಂದು ತಮಾಷೆ ಇದೆ. ‘ಣ’ ಅಕ್ಷರಕ್ಕೂ ‘ಇನ್ನು ಮುಂದೆ ಅಂಕಿ’ ಅನ್ನುವ ಗುರುತಿಗೂ ಒಂದೇ ಆಕಾರ, 3-4-5-6. ಗೊಂದಲ ಆಗುವುದಿಲ್ಲವೇ ಅಂದರೆ, ಕನ್ನಡದಲ್ಲಿ ‘ಣ’ದಿಂದ ಶುರುವಾಗುವ ಪದ ಎಷ್ಟಿವೆ ನೀವೇ ಹೇಳಿ.

ಇಂಗ್ಲಿಷ್ ಬ್ರೈಲಿನ ದಾರಿ ಬೇರೆ. ಅಲ್ಲಿ ಅನುಭವಸ್ಥರು ಓದುವುದು ಎರಡನೆಯ ದರ್ಜೆಯನ್ನು, ಅಂದರೆ ಸಂಕ್ಷೇಪಗಳ ಬ್ರೈಲನ್ನು. ‘ಟಿಎಚ್’ ಎರಡಕ್ಷರಕ್ಕೆ ಒಂದೇ ಸೆಲ್, ‘ಎಆರ್’ಗೆ ಒಂದು, ‘ಐಎನ್’ಗೆ ಒಂದು. ಯಂತ್ರ ಬಂದದ್ದೇ ಈ ದರ್ಜೆಯಲ್ಲಿ. ಮೇಷ್ಟ್ರಿಗೆ ಅದು ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಬಿಟ್ಟುಬಿಟ್ಟೆ. ಎರಡು ದಿನ ಬಿಟ್ಟು ಮೊಮ್ಮಗಳ ಸಂದೇಶ ಬಂತು. ಈಗಿನ ಮಕ್ಕಳು ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ‘ನಾಳೆ ಬರ್ತೀನಿ ತಾತ’. ಇಂಗ್ಲಿಷಿನಲ್ಲಿ ‘ಬರ್ತೀನಿ’ಗೆ ಎಂಟು ಅಕ್ಷರ: ಬಿ, ಎ, ಆರ್, ಟಿ, ಎಚ್, ಐ, ಎನ್, ಐ. ಯಂತ್ರ ತನಗೆ ಕಲಿಸಿದ ಹಾಗೆ ಅದನ್ನು ಐದು ಸೆಲ್ಲಿಗೆ ಹಿಂಡಿತು. ಮೇಷ್ಟ್ರ ಬೆರಳು ಆಗ ಕನ್ನಡದ ಗುಂಗಿನಲ್ಲಿತ್ತು. ಕನ್ನಡದ ಬೆರಳಿಗೆ ಆ ಐದು ಸೆಲ್ ಏನು ಗೊತ್ತೇ? ಬ, ಆ, ಥ, ಈ, ಇ. ‘ಬಾಥೀಇ ಅಂತೆ! ಏನಮ್ಮಾ ಇದು, ನಾಳೆ ಬಾತು ಮಾಡ್ತಾಳಂತಾ?’

ಸಂಕ್ಷೇಪ ತೆಗೆದು ಒಂದನೆಯ ದರ್ಜೆಗೆ ಇಳಿಸಿದೆವು. ಎಂಟು ಅಕ್ಷರಕ್ಕೆ ಎಂಟು ಸೆಲ್. ಅದೇ ಬೆರಳಿಗೆ ಈಗ ಸಿಕ್ಕಿದ್ದು ಬ, ಅ, ರ, ತ, ಹಿ, ನಿ. ಕನ್ನಡವೂ ಅಲ್ಲ, ಆದರೆ ಕಿವಿಗೊಟ್ಟರೆ ‘ಬರ್ತೀನಿ’ ಅಂತಲೇ ಇದೆ. 1951ರಲ್ಲಿ ಕೂತು ‘ಕೆ’ಗೆ ‘ಕ’ ಜೋಡಿಸಿದವರಿಗೆ ಮೊಮ್ಮಗಳ ಈ ಸಂದೇಶ ಬರುತ್ತದೆ ಅಂತ ಕನಸೂ ಬಿದ್ದಿರಲಾರದು. ಕೊನೆಗೆ ಹೀಗೆ ಮಾಡಿದೆವು: ಇಂಗ್ಲಿಷ್ ಪುಸ್ತಕಕ್ಕೆ ಎರಡನೆಯ ದರ್ಜೆ, ಸಂದೇಶಕ್ಕೆ ಒಂದನೆಯದು, ತಮ್ಮ ಬರವಣಿಗೆಗೆ ಭಾರತಿ.

ಅಕ್ಷರವನ್ನು ಚುಕ್ಕಿ ಮಾಡುವ ಈ ಕೆಲಸಕ್ಕೆ ಬಹಳ ಕಡೆ ಬಳಸುವುದು ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶವನ್ನು. ಕನ್ನಡದ ಕೋಷ್ಟಕವೂ ಅದರಲ್ಲಿದೆ. 2002ರಲ್ಲಿ ಅದನ್ನು ಶುರುಮಾಡಿದವರಲ್ಲಿ ಮುಖ್ಯರು ಜಾನ್ ಬಾಯರ್. ಅವರಿಗೆ ಕಣ್ಣೂ ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಯಂತ್ರ ಎಷ್ಟು ಚೆನ್ನಾಗಿ ಮಾತಾಡಿದರೂ ಅವರಿಗೆ ಅದರಿಂದ ಉಪಯೋಗವಿರಲಿಲ್ಲ, ಚುಕ್ಕಿ ಸರಿಯಾಗಿರಬೇಕಿತ್ತು.

ಮೂರನೆಯದು ಜಾಗದ ಲೆಕ್ಕ. 32 ಸೆಲ್ ಅಂದೆನಲ್ಲ. ನಾನು ಚಾಲೂ ಮಾಡಿಟ್ಟಿದ್ದ ‘ಇದು ಮೆನು, ಇದು ಬಟನ್’ ವಿವರಣೆಗಳು ಧ್ವನಿಯಲ್ಲಿ ಮಾತ್ರವಲ್ಲ, ಸಾಲಿನಲ್ಲೂ ಬರುತ್ತವೆ, ಅದೂ ಹೆಸರಿಗಿಂತ ಮುಂಚೆ. ಮನೆಗೆ ಬಂದವರು ಹೆಸರು ಹೇಳುವ ಮುಂಚೆ ಗೋತ್ರ ಹೇಳಿದ ಹಾಗೆ. ಬೆರಳು ಮೊದಲು ಮುಟ್ಟುವ ನಾಲ್ಕೈದು ಸೆಲ್ ಅದಕ್ಕೇ ಹೋಗುತ್ತಿತ್ತು. ಅದನ್ನು ಹೆಸರಿನ ನಂತರಕ್ಕೆ ತಳ್ಳಿದೆವು. ‘ಹನ್ನೆರಡರಲ್ಲಿ ಮೂರು’ ಎಂಬ ಎಣಿಕೆಯನ್ನು ತೆಗೆದೇಬಿಟ್ಟೆವು.

ಆದರೆ ಜಾಗದ ನಿಜವಾದ ಬೆಲೆ ತಿಳಿದದ್ದು ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಲ್ಲಿ. ಎರಡನೆಯ ಕಾಲದಲ್ಲಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಬರೆಯಿರಿ: ಸರಿಗಮ ಪದನಿಸ ಸನಿದಪ ಮಗರಿಸ. ಬ್ರೈಲಿನಲ್ಲಿ ‘ಸ’ ಒಂದು ಸೆಲ್, ‘ರಿ’ ಎರಡು, ‘ಗ’, ‘ಮ’ ಒಂದೊಂದು. ಒಂದು ಗುಂಪಿಗೆ ಐದು. ನಾಲ್ಕು ಗುಂಪಿಗೆ 20, ನಡುವೆ ಮೂರು ಖಾಲಿ ಜಾಗ, ಒಟ್ಟು 23. ತಾರ ಷಡ್ಜದ ಗುರುತು ಸೇರಿಸಿದರೆ ಇನ್ನೊಂದೆರಡು. 20 ಸೆಲ್ಲಿನ ಯಂತ್ರವಾಗಿದ್ದರೆ ‘ಮಗರಿಸ’ ಮುಂದಿನ ಸಾಲಿಗೆ ಬಿದ್ದು, ತಾಳ ಮುಗಿಯುವ ಜಾಗದಲ್ಲಿ ಗುಂಡಿ ಒತ್ತಬೇಕಾಗುತ್ತಿತ್ತು. 32ರಲ್ಲಿ ಒಂದು ಆವರ್ತ ಒಂದೇ ಬೆರಳೋಟಕ್ಕೆ ಸಿಗುತ್ತದೆ. ಆದರೆ ಯಂತ್ರಕ್ಕೆ ಆವರ್ತ ಗೊತ್ತಿಲ್ಲವಲ್ಲ. ಖಾಲಿ ಉಳಿದ ಸೆಲ್ಲುಗಳಿಗೆ ಮುಂದಿನ ಆವರ್ತದ ತಲೆಯನ್ನು ತಂದು ತುರುಕುತ್ತಿತ್ತು. ಪದ ಒಡೆಯಬೇಡ, ಸಾಲು ಮುಗಿದಲ್ಲಿ ನಿಲ್ಲು, ಉಳಿದ ಜಾಗ ಖಾಲಿ ಬಿಡು: ಹೀಗೆ ಹೇಳುವ ಆಯ್ಕೆಗಳು ಎರಡು ಮೂರು ಮೆನುಗಳ ಒಳಗೆ ಅವಿತುಕೊಂಡಿದ್ದವು. ಹುಡುಕಿದ್ದು ನಾನಲ್ಲ, ಮೇಷ್ಟ್ರು. ಅವಕ್ಕೆ ಎಂಥ ಹೆಸರಿಟ್ಟಿದ್ದಾರೋ ನನಗೆ ಅರ್ಥವಾಗುತ್ತಿರಲಿಲ್ಲ. ಅವರು ಒಂದೊಂದನ್ನೇ ಬದಲಿಸಿ ಬೆರಳಿಟ್ಟು ನೋಡುತ್ತಿದ್ದರು.

ತಾನೇ ಸಾಲು ಬದಲಿಸುವ ಆಯ್ಕೆಯೂ ಇದೆ, ಇಷ್ಟು ಸೆಕೆಂಡಿಗೆ ಒಮ್ಮೆ ಅಂತ. ಆದಿತಾಳಕ್ಕೆ ಎಂಟು ಅಕ್ಷರ, ಎಂಟು ಸೆಕೆಂಡ್ ಇಟ್ಟು ಹಾಡಿದರೆ ಹೇಗೆ ಅಂತ ಒಂದು ಸಂಜೆ ಪೂರ್ತಿ ಪ್ರಯೋಗ ಮಾಡಿದೆವು. ‘ಪಕ್ಕವಾದ್ಯದವನು ಗಾಯಕನ ಹಿಂದೆ ಬರಬೇಕು. ಇವನು ನನ್ನನ್ನೇ ಓಡಿಸ್ತಾನೆ’ ಅಂತ ಮೇಷ್ಟ್ರು ಅದನ್ನು ಮುಚ್ಚಿಸಿದರು.

ಇನ್ನು ಕೈಗಳು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ, ಓದುವುದು ಎಡಗೈ. ಹಾಗಾದರೆ ಸಾಲು ಬದಲಿಸುವ ಗುಂಡಿ ಎಡ ಹೆಬ್ಬೆರಳಿಗೇ ಸಿಗಬೇಕು. ಯಂತ್ರದವರು ಬಲಗಡೆಯ ಗುಂಡಿಗೆ ‘ಮುಂದೆ’, ಎಡಗಡೆಯದಕ್ಕೆ ‘ಹಿಂದೆ’ ಅಂತ ಕೊಟ್ಟಿದ್ದರು. ಅದಲುಬದಲು ಮಾಡಿದೆವು. ಬರೆಯುವ ಜಾಗ ತೋರಿಸಲು 7 ಮತ್ತು 8ನೇ ಮೊಳೆಗಳು ಎದ್ದು ಇಳಿದು ಮಿಡಿಯುತ್ತಿರುತ್ತವೆ. ‘ಬೆರಳ ಕೆಳಗೆ ಹುಳ ಹರಿದ ಹಾಗಾಗತ್ತೆ’ ಅಂದರು, ಅಲುಗಾಡದ ಹಾಗೆ ನಿಲ್ಲಿಸಿದೆವು. ‘ಬ್ಯಾಟರಿ ಕಡಿಮೆ’ ಎಂಬಂಥ ಸೂಚನೆ ಮೂರು ಸೆಕೆಂಡ್ ಬಂದು ಮಾಯವಾಗುತ್ತಿತ್ತು. ಕಣ್ಣಾದರೆ ಥಟ್ಟನೆ ನೋಡೀತು. ಬೆರಳು ಬೇರೆಲ್ಲೋ ಇದ್ದರೆ ಸೂಚನೆ ಬಂದದ್ದೇ ತಿಳಿಯದು. ಗುಂಡಿ ಒತ್ತುವ ತನಕ ನಿಂತಿರು ಅಂತ ಹೇಳಿದೆವು. ಮೇಷ್ಟ್ರಿಗಿರುವ ಸಕ್ಕರೆ ಕಾಯಿಲೆ ಬೆರಳ ತುದಿಯ ಸ್ಪರ್ಶವನ್ನು ಮಂಕು ಮಾಡಿತ್ತು. ಕೆಲವು ಯಂತ್ರಗಳಲ್ಲಿ ಮೊಳೆ ಎಷ್ಟು ಗಟ್ಟಿಯಾಗಿ ನಿಲ್ಲಬೇಕು ಅಂತ ಹೇಳುವ ಸೌಲಭ್ಯವಿದೆ, ಮೇಷ್ಟ್ರದರಲ್ಲಿ ಇರಲಿಲ್ಲ. ಅದಕ್ಕೆ ಅವರೇ ಕಂಡುಕೊಂಡ ಉಪಾಯ, ಚಳಿಗಾಲದ ಬೆಳಿಗ್ಗೆ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ಆಮೇಲೆ ಓದುವುದು. ಚಕ್ಕುಲಿ ತಿಂದ ಕೈ ಮಾತ್ರ ತೊಳೆದು ಬರಬೇಕು. ಎಣ್ಣೆ, ಪುಡಿ ಮೊಳೆಯ ಸಂದಿಗೆ ಹೋದರೆ ಚುಕ್ಕಿ ಏಳುವುದಿಲ್ಲ, ‘ಪ’ ಹೋಗಿ ‘ಲ’ ಆಗಿ ಕೂರುತ್ತದೆ.

ಈ ಬೆರಳಿನ ಅಳತೆಯ ವಿಚಾರ ಹೊಸದಲ್ಲ. ಪ್ಯಾರಿಸಿನ ಅಂಧರ ಶಾಲೆಗೆ ಮೊದಲು ಉಬ್ಬು ಚುಕ್ಕಿಗಳ ಬರವಣಿಗೆ ತಂದುಕೊಟ್ಟವನು ಷಾರ್ಲ್ ಬಾರ್ಬಿಯೆ, ಕಣ್ಣಿದ್ದವನು. ಅವನ ಪದ್ಧತಿಯಲ್ಲಿ ಒಂದು ಗುರುತಿಗೆ 12 ಚುಕ್ಕಿಗಳವರೆಗೆ ಜಾಗ, ಎರಡು ಕಂಬದಲ್ಲಿ ಆರಾರು. ಕಣ್ಣಿಗೆ ಅದು ಅಂದವಾಗಿಯೇ ಕಾಣುತ್ತದೆ. ಆದರೆ ಬೆರಳ ತುದಿಯಡಿ ಒಟ್ಟಿಗೆ ಹಿಡಿಸುವುದಿಲ್ಲ, ಮೇಲೆ ಕೆಳಗೆ ತಡವಬೇಕು. ಅದೇ ಶಾಲೆಯ ಹುಡುಗ, 1809ರ ಜನವರಿ 4ರಂದು ಹುಟ್ಟಿ, ಜೀನು ಹೊಲಿಯುವ ಅಪ್ಪನ ಅಂಗಡಿಯಲ್ಲಿ ಚೂಪಾದ ಆಯುಧ ತಗುಲಿ ಎಳವೆಯಲ್ಲೇ ಕಣ್ಣು ಕಳೆದುಕೊಂಡ ಲೂಯಿ ಬ್ರೈಲ್, ಹದಿನೈದರ ಹೊತ್ತಿಗೆ ಅದನ್ನು ಆರು ಚುಕ್ಕಿಗೆ ಇಳಿಸಿದ. 1829ರಲ್ಲಿ ಅದನ್ನು ಅಚ್ಚು ಮಾಡಿಸಿದ. ಮೇಷ್ಟ್ರಿಗೆ ಈ ಕಥೆ ಹೇಳಿದಾಗ ‘ಅವನೂ ಸೆಟ್ಟಿಂಗೇ ಬದಲಾಯಿಸಿದ್ದು’ ಅಂದರು.

ಧ್ವನಿ ಮತ್ತೆ ಬಂತೇ ಅಂದರೆ, ಬಂತು. ಮೇಷ್ಟ್ರು ಹಾರ್ಮೋನಿಯಂ ನುಡಿಸುವಾಗ ಎಡಗೈ ತಿದಿಗೆ, ಬಲಗೈ ಮನೆಗಳಿಗೆ. ಆಗ ಫೋನಿನಿಂದ ಏನಾದರೂ ಸಂದೇಶ ಬಂದರೆ ಕಿವಿಯೇ ಗತಿ. ಒಂದು ಕೀಲಿಜೋಡಿಯಿಂದ ಧ್ವನಿ ತೆರೆಯುವ, ಮುಚ್ಚುವ ಹಾಗೆ ಮಾಡಿಕೊಂಡರು. ಧ್ವನಿಯ ಸ್ಥಾಯಿ ಏರಿಸಿ ಇಳಿಸುವ ಸೆಟ್ಟಿಂಗಿನಲ್ಲಿ ಅರ್ಧ ಗಂಟೆ ಕಳೆದರು. ಯಾಕೆ ಮೇಷ್ಟ್ರೇ ಅಂದೆ. ‘ನನ್ನ ಶ್ರುತಿ ಎರಡೂವರೆ ಮನೆ. ಇದು ಮಾತಾಡಿದ್ರೆ ಅಪಸ್ವರ ಬರ್ತಿತ್ತು’ ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ನನಗೆ ಇವತ್ತಿಗೂ ತಿಳಿಯದು.

ಒಂದು ಅವಘಡವೂ ಆಯಿತು. ತಂತ್ರಾಂಶದ ಹೊಸ ಆವೃತ್ತಿ ಬಂತು, ‘ಹಾಕಿಕೊಳ್ಳಲೇ’ ಅಂತ ಯಂತ್ರ ಕೇಳಿತು, ಮೇಷ್ಟ್ರು ಹ್ಞೂಂ ಅಂದರು. ಬೆಳಗಿನ ಜಾವ ಸಾಧನೆಗೆ ಕೂತರೆ ಎಲ್ಲ ಸೆಟ್ಟಿಂಗೂ ಹೋಗಿ ಯಂತ್ರ ಪೆಟ್ಟಿಗೆಯಿಂದ ಬಂದ ದಿನದಂತೆ ಏರುದನಿಯಲ್ಲಿ ಇಂಗ್ಲಿಷ್ ಶುರುಮಾಡಿತ್ತು. ನನಗೆ ಫೋನು ಬಂದಾಗ ಏಳು ಗಂಟೆ. ಓಡಿಹೋಗಲು ಚಪ್ಪಲಿ ಮೆಟ್ಟುತ್ತಿದ್ದೆ. ‘ಬರೋದೇನೂ ಬೇಡ, ಆಗ್ಲೇ ಸರಿ ಮಾಡ್ಕೊಂಡೆ. ಸುಮ್ನೆ ಹೇಳೋಣ ಅಂತ ಮಾಡಿದೆ’ ಅಂದರು. ಪ್ರತಿಯೊಂದು ಬದಲಾವಣೆಯನ್ನೂ ಆಯಾ ದಿನವೇ ದಪ್ಪ ಕಾಗದದ ಮೇಲೆ, ಹಳೆಯ ಸ್ಲೇಟಿನಲ್ಲಿ ಚುಚ್ಚಿ ಬರೆದಿಟ್ಟಿದ್ದರು. ಆ ಕಾಗದಕ್ಕೆ ಬ್ಯಾಟರಿ ಬೇಡ, ಹೊಸ ಆವೃತ್ತಿಯ ಕಾಟವೂ ಇಲ್ಲ. ಆಮೇಲಿಂದ ನಾನು ಯಾರಿಗೆ ಯಂತ್ರ ಕೊಟ್ಟರೂ ಮೊದಲ ದಿನವೇ ಇಂಥದೊಂದು ಹಾಳೆ ಬರೆಸುತ್ತೇನೆ. ಸೆಟ್ಟಿಂಗುಗಳನ್ನು ಮೆಮೊರಿ ಕಾರ್ಡಿನಲ್ಲೂ ಉಳಿಸಬಹುದು, ಉಳಿಸಿಡಿ. ಆದರೆ ಹಾಳೆ ಇರಲಿ.

ಹೋದ ವಾರ ಮತ್ತೆ ಅವರ ಮನೆಗೆ ಹೋಗಿದ್ದೆ. ವರಾಂಡದಲ್ಲಿ ಕೂತಿದ್ದರು, ಯಂತ್ರ ತೊಡೆಯ ಮೇಲೆ. ಗಡಿಯಾರದ ಅಲಾರಂ ಇಡುವುದು ತೋರಿಸಿಕೊಡೋಣ ಅಂತ ನಾನೇ ಕೈಗೆ ತೆಗೆದುಕೊಂಡೆ. ಒತ್ತಿದರೆ ಏನೂ ನನ್ನ ಮಾತು ಕೇಳಲಿಲ್ಲ. ಮುಂದಿನ ಗುಂಡಿ ಹಿಂದಕ್ಕೆ ಹೋಗುತ್ತದೆ, ಮೆನುಗಳ ಕ್ರಮವೇ ಬೇರೆಯಾಗಿದೆ, ಧ್ವನಿಯ ಕೀಲಿಯನ್ನೂ ಯಾವಾಗಲೋ ಬದಲಿಸಿದ್ದಾರೆ. ಸೋತು ಹಿಂದಕ್ಕೆ ಕೊಟ್ಟೆ. ಅವರು ಏನೂ ಅನ್ನದೆ ಬೆರಳಿಟ್ಟರು. ಮೊಳೆಗಳು ಸರ್ರೆಂದು ಎದ್ದವು. ಬೆರಳು ಎಡದಿಂದ ಬಲಕ್ಕೆ ಹೋಯಿತು, ಹೆಬ್ಬೆರಳು ಒತ್ತಿತು, ಮತ್ತೆ ಸರ್ರ್. ಸಾಲಿನ ಅರ್ಧಕ್ಕೆ ಬಂದಾಗ ಅವರ ಮುಖದಲ್ಲಿ ನಗು ಬಂತು.

‘ಏನು ಓದ್ತಿದೀರಿ ಮೇಷ್ಟ್ರೇ?’ ಅಂದೆ.

‘ತಡಿಯಮ್ಮಾ, ಈ ಪುಟ ಮುಗೀಲಿ.’